ಎಡಮೂಲೆಯ ನೇರಳೆ ಕಲೆ

ಮನ್ಸಾನಿಯೋ
ಗುರುವಾರ, ಆಗಸ್ಟ್ ೧೨, ೧೯೯೯

ನನ್ನ ಮೇಲೆ ಇನ್ನೂ ಸಿಟ್ಟಿರುವ, ಹಾಗೆ ಸಿಟ್ಟಿರಲು ಸಕಲ ಹಕ್ಕುಗಳನ್ನೂ ಪಡೆದಿರುವ ಮಿಗ್ದಾಲಿಯಾಗೆ,

ನಾನು ಕ್ಷೇಮ. ನಿನ್ನ ಟೀವಿಯೂ ಕ್ಷೇಮ. ಈ ಎರಡು ಸುದ್ದಿಗಳಲ್ಲಿ ನಿನಗೆ ಯಾವುದು ಮುಖ್ಯ ಎಂದು ಕೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೇನೆ.

ನೀನು ಓಲ್ಗೀನ್ ಪಟ್ಟಣದಲ್ಲಿ ನಿನ್ನ ಅಕ್ಕನ ಜೊತೆ ಹೊಸ ಮನೆಯ ಕಿಟಕಿಗಳನ್ನು ತೆರೆದು ಮುಚ್ಚಿ ಪರೀಕ್ಷಿಸುತ್ತಿರುವ ಈ ಹೊತ್ತಿನಲ್ಲಿ ನಾನು ನಿನ್ನ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಬೀಗದ ಕೈಯನ್ನು ನೆರೆಮನೆಯ ಕಾಚಿತಾಳ ಬಳಿ ಬಿಟ್ಟು ಹೋಗಿದ್ದೆಯಲ್ಲ, ಅದನ್ನು ಕೊಡುವ ಮೊದಲು ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆರನೇ ಸಲ ಕಣೋ ಎರಾಸ್ಮೋ. ನನ್ನ ಗಂಡ ಸಾಯೋವಾಗ ಡಾಕ್ಟ್ರು ಬಂದಿದ್ದೇ ಮೂರು ಸಲ" ಎಂದಳು. ನಾನು ಗಂಭೀರವಾಗಿ, ಆ ಡಾಕ್ಟರು ಮೂರನೇ ಸಲಕ್ಕೇ ಕೈಬಿಟ್ಟರು, ನಾನು ಬಿಡುವವನಲ್ಲ ಎಂದೆ. ಅವಳು ಬೀಗದ ಕೈಯನ್ನು ನನ್ನ ಅಂಗೈಗೆ ಕುಕ್ಕಿ, "ಬಿಟ್ಟೋನೇ ನೀನು. ಮಾರ್ಚ್‌ನಲ್ಲಿ ಪೆಟ್ಟಿಗೆ ಹೊತ್ಕೊಂಡು ಹೋಗಿದ್ದು ಯಾರು, ನಿಮ್ಮಪ್ಪನಾ?" ಎಂದಳು. ಈ ಊರಿನಲ್ಲಿ ಒಬ್ಬ ಗೃಹಸ್ಥನಿಗೆ ಸಿಗುವ ಮರ್ಯಾದೆ ಇಷ್ಟು.

ಇದು ಪ್ರೇಮಪತ್ರವಲ್ಲ. ಅದನ್ನು ಬರೆಯಲು ನನಗೀಗ ಪರವಾನಗಿ ಇಲ್ಲ. ಇದು ತಾಂತ್ರಿಕ ವರದಿ. ಶನಿವಾರ ಬೆಳಿಗ್ಗೆ ಓಲ್ಗೀನ್‌ನ ಓನೆಲಿಯೋ ಬಂದು ಟೀವಿಯನ್ನು ಕೊನೆಯ ಸಲ ಪರೀಕ್ಷಿಸಿ, ಅದು ಒಪ್ಪಿಗೆಯಾದರೆ ಮನೆಗಳ ಅದಲುಬದಲಿನ ಕಾಗದಕ್ಕೆ ರುಜು ಹಾಕಲಿದ್ದಾನೆ. ನಿನ್ನ ಈ ಮನೆ ಅವನಿಗೆ, ಅವನ ಮೂರನೇ ಮಹಡಿಯ ಎರಡು ಕೋಣೆ ನಿನಗೆ. ಹೀಗೆ ಒಂದು ಚಿತ್ರದ ದೋಷದ ಮೇಲೆ ಇಷ್ಟು ದೊಡ್ಡ ವ್ಯವಹಾರ ನಿಂತಿರುವಾಗ ರಿಪೇರಿ ಮಾಡಿದವನು ಲಿಖಿತ ವರದಿ ಕೊಡದಿದ್ದರೆ ಅವನ ವೃತ್ತಿಗೆ ಅವಮಾನ.

ರೋಗದ ಚರಿತ್ರೆ ಹೀಗಿದೆ. ಜೂನ್ ಎಂಟನೇ ತಾರೀಕು, ಮಂಗಳವಾರ, ಕಾಚಿತಾ ನನ್ನ ರಿಪೇರಿ ಕಾರ್ಯಾಗಾರದ ಬಾಗಿಲಲ್ಲಿ ನಿಂತು, ಸರದಿಯಲ್ಲಿ ಕಾಯುತ್ತಿದ್ದ ಹದಿನಾಲ್ಕು ಜನರ ಎದುರಿಗೆ, "ಎರಾಸ್ಮೋ, ನಿನ್ನ ಹೆಂಡ್ತಿ ಟೀವಿಗೆ ಕಾಮಾಲೆ ಬಂದಿದೆ" ಎಂದು ಘೋಷಿಸಿದಳು. ಹೆಂಡತಿಗೇ ಬಂದಿದೆ ಎಂದು ಕೇಳಿಸಿಕೊಂಡ ಇಬ್ಬರು ಹೆಂಗಸರು ನನಗೆ ಪಪ್ಪಾಯ ಎಲೆಯ ಕಷಾಯ ಹೇಳಿಕೊಟ್ಟರು. ಮೂರು ತಿಂಗಳಿಂದ ನೀನು ನನಗೆ ಒಂದು ಮಾತೂ ಹೇಳಿ ಕಳಿಸಿರಲಿಲ್ಲ. ಕಾರ್ಯಾಗಾರದ ಹಿಂದಿನ ಕೋಣೆಯಲ್ಲಿ, ಸತ್ತ ಟೀವಿಗಳ ನಡುವೆ ಮಡಿಸುವ ಮಂಚ ಹಾಕಿಕೊಂಡು ಮಲಗುತ್ತಿದ್ದವನು ನಾನು. ಕ್ಷೌರ ಮಾಡಿಕೊಂಡು ಬಂದೆ. ಸ್ಕ್ರೂಡ್ರೈವರ್ ತರುವುದು ಮರೆತು ಮತ್ತೆ ಹೋಗಿ ತಂದೆ.

ಟೀವಿ ಹಚ್ಚಿದರೆ ಎಡಗಡೆಯ ಕೆಳಮೂಲೆಯಲ್ಲಿ ಊಟದ ತಟ್ಟೆಯಷ್ಟು ಅಗಲದ ಕಲೆ. ನಡುವೆ ನೇರಳೆ, ಅಂಚಿಗೆ ಹಸಿರು. ವಾರ್ತೆ ಓದುವವನ ಒಂದು ಕೆನ್ನೆ ಹಸಿರಾಗಿತ್ತು. ಹವಾಮಾನದ ನಕಾಶೆ ಬಂದಾಗ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೋ ಪ್ರಾಂತ ಇಡಿಯಾಗಿ ನೇರಳೆ ಸಮುದ್ರದಲ್ಲಿ ಮುಳುಗಿತ್ತು. ಕಾಚಿತಾ, "ಅಯ್ಯೋ, ಅಲ್ಲಿ ನನ್ನ ತಮ್ಮ ಇದ್ದಾನೆ" ಎಂದಳು. ನೀನು ಕೈಕಟ್ಟಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ.

ಹಳೆಯ ಟೀವಿಯ ವೈದ್ಯದಲ್ಲಿ ಮೊದಲ ನಿಯಮ ಎಂದರೆ ಸ್ಕ್ರೂಡ್ರೈವರ್ ಕೆಳಗಿಟ್ಟು ಚಿತ್ರವನ್ನು ನೋಡುವುದು. ಚಿತ್ರವೇ ರೋಗಿ, ಚಿತ್ರವೇ ಸಾಕ್ಷಿ. ಹಿಮ ಸುರಿದಂತೆ ಕಂಡರೆ ಮಾಡಿನ ಮೇಲೆ ಹತ್ತಬೇಕು. ಅಲ್ಲಿ ಯಾರೋ ಊಟದ ಅಲ್ಯೂಮಿನಿಯಂ ತಟ್ಟೆ ಕತ್ತರಿಸಿ ಮಾಡಿದ ಆಂಟೆನಾದ ಮೇಲೆ ಪಾರಿವಾಳ ಸಂಸಾರ ಹೂಡಿರುತ್ತದೆ. ಒಬ್ಬ ನಟನ ಪಕ್ಕದಲ್ಲಿ ಅವನದೇ ಮಸುಕು ನಟ ನಿಂತಿದ್ದರೆ, ಅಲೆ ನೀರಿನ ಟ್ಯಾಂಕಿಗೆ ಬಡಿದು ತಡವಾಗಿ ಬರುತ್ತಿದೆ ಎಂದು ಅರ್ಥ. ಚಿತ್ರ ಮೇಲಿಂದ ಕೆಳಗೆ ಉರುಳುತ್ತಿದ್ದರೆ ಒಳಗಿನ ತಾಳ ತಪ್ಪಿದೆ. ಇಡೀ ಚಿತ್ರ ಕುಸಿದು ನಡುವೆ ಒಂದೇ ಬಿಳಿ ಗೆರೆಯಾಗಿದ್ದರೆ... ಆ ಗೆರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರಲೇಬೇಕು. ಈಗ ಬೇಡ.

ಚಿತ್ರ ಎಷ್ಟು ಬದಲಾದರೂ ಕಲೆ ಮಾತ್ರ ಕದಲದೆ ಒಂದೇ ಮೂಲೆಯಲ್ಲಿ ಕೂತಿದ್ದರೆ ಅದು ಅಯಸ್ಕಾಂತದ ಕೆಲಸ. ಇಲ್ಲಿ ಸ್ವಲ್ಪ ವಿದ್ಯೆ ಹೇಳಬೇಕಾಗಿದೆ. ನಿನಗೆ ಇದೆಲ್ಲ ತಿಳಿದಿರಲಾರದು, ತಾಳ್ಮೆಯಿಂದ ಓದು.

ಆ ಗಾಜಿನ ಹೊಟ್ಟೆಯೊಳಗೆ ಚಿತ್ರ ಎಂಬುದೇ ಇಲ್ಲ, ಮಿಗ್ದಾಲಿಯಾ. ಯಾವ ಗಳಿಗೆಯಲ್ಲೂ ಇಲ್ಲ. ಇರುವುದು ಓಡುವ ಒಂದು ಚುಕ್ಕೆ ಬೆಳಕು. ಅದು ಎಡದಿಂದ ಬಲಕ್ಕೆ ಓಡಿ, ಹಾರಿ ಹಿಂದೆ ಬಂದು, ಒಂದು ಗೆರೆ ಕೆಳಗಿಳಿದು ಮತ್ತೆ ಓಡುತ್ತದೆ. ಹೀಗೆ ಐನೂರ ಇಪ್ಪತ್ತೈದು ಗೆರೆ, ನೀನು ಒಂದು ಸಲ ಕಣ್ಣು ಮಿಟುಕಿಸಿ ಮುಗಿಸುವಷ್ಟರಲ್ಲಿ ಹಲವು ಸಲ. ಮುಂದಿನ ಗೆರೆ ಬರೆಯುವಾಗ ಹಿಂದಿನದು ಆಗಲೇ ಆರುತ್ತಿರುತ್ತದೆ. ಧಾರಾವಾಹಿಯ ಆ ಅಳುವ ಹುಡುಗಿ, ಆ ಮೀಸೆಯ ಜಮೀನುದಾರ, ಅವನ ಕುದುರೆ, ಯಾರೂ ಅಲ್ಲಿ ಪೂರ್ತಿಯಾಗಿ ಒಂದು ಕ್ಷಣವೂ ಇರುವುದಿಲ್ಲ. ಅವರನ್ನು ಕೂಡಿಸಿ ಮನುಷ್ಯರನ್ನಾಗಿ ಮಾಡುವುದು ನೋಡುವವರ ಕಣ್ಣು. ಇಪ್ಪತ್ತಾರು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಇಂದಿಗೂ ಟೀವಿಯ ಹಿಂಬದಿ ಬಿಚ್ಚುವಾಗ ಟೋಪಿ ತೆಗೆಯುತ್ತೇನೆ. ಗಿರಾಕಿಗಳು ಸೆಖೆಗೆ ಎಂದುಕೊಳ್ಳುತ್ತಾರೆ.

ಬಣ್ಣದ ಟೀವಿಯಲ್ಲಿ ಹೀಗೆ ಓಡುವ ಕಿರಣಗಳು ಮೂರು. ಗಾಜಿನ ಹಿಂದೆ ಸೊಳ್ಳೆಪರದೆಗಿಂತ ನವಿರಾದ ಒಂದು ಲೋಹದ ಜಾಲರಿ. ಅದರ ತೂತುಗಳಲ್ಲಿ ತೂರಿ ಕೆಂಪಿನ ಕಿರಣ ಕೆಂಪಿನ ಮನೆಗೆ, ಹಸಿರಿನದು ಹಸಿರಿನ ಮನೆಗೆ, ನೀಲಿಯದು ನೀಲಿಯ ಮನೆಗೆ ಹೋಗಿ ಸೇರಬೇಕು. ಲಕ್ಷಾಂತರ ಮನೆಗಳು, ಒಂದೇ ಬೀದಿ, ಒಬ್ಬರೂ ತಪ್ಪುವುದಿಲ್ಲ. ಹತ್ತಿರದಲ್ಲಿ ಒಂದು ಅಯಸ್ಕಾಂತ ಇಟ್ಟರೆ ಮಾತ್ರ ಕಿರಣ ಕೂದಲೆಳೆಯಷ್ಟು ಬಾಗುತ್ತದೆ, ಕೆಂಪಿನವನು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಾನೆ. ಆಮೇಲೆ ಆಗುವುದು ನಮ್ಮ ಬೀದಿಯಲ್ಲಿ ಆಗುವುದೇ.

ಇದಕ್ಕೆ ಮದ್ದು ನಾನು ಫ್ಯಾನಿನ ತಾಮ್ರದ ತಂತಿ ಸುತ್ತಿ ಮಾಡಿದ ಬಳೆ, ಜರಡಿಯಷ್ಟು ಅಗಲದ್ದು. ಅದಕ್ಕೆ ವಿದ್ಯುತ್ ಕೊಟ್ಟು ಪರದೆಯ ಮುಂದೆ ದೃಷ್ಟಿ ನಿವಾಳಿಸಿದ ಹಾಗೆ ಸುತ್ತಿಸಬೇಕು. ಮೊದಲ ಸಲ ಸುತ್ತಿಸಿದಾಗ ನೆನಪಿದೆಯಾ? ಇಡೀ ಪರದೆ ಕಾಮನಬಿಲ್ಲಾಗಿ ಕದಡಿತು. ವಾರ್ತೆ ಓದುವವನು ನವಿಲಾದ, ಆಮೇಲೆ ಎಣ್ಣೆ ಬಿದ್ದ ನೀರಾದ, ಆಮೇಲೆ ಏನೇನೋ ಆದ. ಕಿಟಕಿಯಿಂದ ಇಣುಕುತ್ತಿದ್ದವರ ಉಸಿರು ಒಂದೇ ಸಲ ನಿಂತದ್ದು ನನ್ನ ಬೆನ್ನಿಗೆ ಕೇಳಿಸಿತು. ಕಾಚಿತಾ ಶಿಲುಬೆಯ ಗುರುತು ಹಾಕಿಕೊಂಡಳು. ಬಳೆಯನ್ನು ಸುತ್ತಿಸುತ್ತಲೇ ನಾನು ಹಿಂದೆ ಹಿಂದೆ ನಡೆದೆ. ಅದೇ ಇದರ ಗುಟ್ಟು. ಹತ್ತಿರ ಇರುವಾಗ ಥಟ್ಟನೆ ವಿದ್ಯುತ್ ಕಡಿದರೆ ಮೊದಲಿಗಿಂತ ಕೆಟ್ಟ ಕಲೆ ಉಳಿದುಬಿಡುತ್ತದೆ. ಮೆಲ್ಲಗೆ, ಮುಖ ತಿರುಗಿಸದೆ, ಸುತ್ತಿಸುತ್ತ ಸುತ್ತಿಸುತ್ತ ದೂರ ಸರಿದು, ಬೀದಿ ಬಾಗಿಲಿನ ಹೊಸ್ತಿಲಲ್ಲಿ ನಿಂತು ಸ್ವಿಚ್ ಆರಿಸಬೇಕು. ಹೀಗಾಗಿ ಪ್ರತಿ ಸಲವೂ ನಾನು ನಿನ್ನ ಮನೆಯಿಂದ ರಾಜನ ಸನ್ನಿಧಿಯಿಂದ ಹೊರಡುವವನ ಹಾಗೆ, ನಿನ್ನ ಕಡೆ ಮುಖ ಮಾಡಿಕೊಂಡೇ ಹೊರಗೆ ಹೋಗಿದ್ದೇನೆ. ಮಾರ್ಚ್ ತಿಂಗಳಲ್ಲಿ ಹೋಗುವಾಗ ಹೀಗೆ ಹೋಗಲಿಲ್ಲ. ಆಗ ಹತ್ತಿರದಲ್ಲೇ ಕಡಿದೆ.

ಕಲೆ ಹೋಯಿತು. ಒಂದು ರಾತ್ರಿ ಟೀವಿ ತಣಿಯಲಿ, ನಾಳೆಯವರೆಗೆ ಹಚ್ಚಬೇಡಿ ಎಂದು ಹೇಳಿ ಹಿಂಬದಿ ಮುಚ್ಚಿ ಹೋದೆ. ಮರುದಿನ ಕಲೆ ಮತ್ತೆ ಬಂತು. ಎರಡನೇ ಸಲ ಹೋದೆ, ಕಲೆ ಹೋಯಿತು, ಬಂತು. ಮೂರನೇ ಸಲವೂ ಹಾಗೆಯೇ. ಕಾರ್ಯಾಗಾರದಲ್ಲಿ ನನ್ನ ಹೆಸರು ಕೆಟ್ಟಿತು. ಎದುರಿಗೇ, "ಊರಿನ ಟೀವಿಗೆಲ್ಲ ಬಣ್ಣ ಹಚ್ಚೋನು, ಹೆಂಡ್ತಿ ಟೀವಿಗೆ ಮಾತ್ರ ಹರಿಶಿನ ಹಚ್ತಾನೆ" ಎಂದರು. ದೀಪದ ಬುಡದಲ್ಲೇ ಕತ್ತಲೆ ಎಂಬುದು ಬೇರೆಯವರ ಮನೆಯ ಗಾದೆ ಎಂದು ತಿಳಿದಿದ್ದೆ.

ಜುಲೈನಲ್ಲಿ ನಿನ್ನ ಅಕ್ಕ ಓನೆಲಿಯೋನನ್ನು ಕರೆತಂದಳು. ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾದ ಆ ಮೆಕ್ಯಾನಿಕ್ ಮನೆಯ ಸೋರುವ ಮಾಡು, ಬಿರುಕು ಬಿಟ್ಟ ತೊಟ್ಟಿ, ಯಾವುದನ್ನೂ ನೋಡಲಿಲ್ಲವಂತೆ. ಟೀವಿಯ ಮುಂದೆ ಕೂತವನು, "ಇದು ಮನೆ ಜೊತೆಗೇ ಇರ್ಬೇಕು. ಆದ್ರೆ ವಾರ್ತೆ ಓದೋ ಈವಯ್ಯ ಹಸಿರಾಗಿದ್ದಾನಲ್ರೀ" ಎಂದನಂತೆ. ಮಾಡು ಸೋರುವುದನ್ನು ನೀನೇ ಪ್ರಾಮಾಣಿಕವಾಗಿ ತೋರಿಸಿದಾಗ, "ಸೋರ್ಲಿ ಬಿಡಮ್ಮ, ಮಾಡು ನೋಡ್ಕೊಂಡು ಕೂತಿರ್ತೀನಾ ನಾನು? ಇವನ ಕೆನ್ನೆ ಸರಿಯಾದ ದಿನ ರುಜು ಹಾಕ್ತೀನಿ" ಎಂದನಂತೆ. ಇದನ್ನೆಲ್ಲ ಕಾಚಿತಾ ಅಭಿನಯಿಸಿ ತೋರಿಸಿದಳು. ನನಗೆ ನಗು ಬರಲಿಲ್ಲ. ಏಕೆಂದರೆ ಅವತ್ತಿನಿಂದ ನನ್ನ ಬದುಕು ಒಂದು ವಿಚಿತ್ರವಾದ ಇಕ್ಕಟ್ಟಿಗೆ ಸಿಕ್ಕಿತು. ಟೀವಿ ಸರಿಮಾಡಿದರೆ ನೀನು ಹೊರಡುತ್ತೀಯ. ಸರಿಮಾಡದಿದ್ದರೆ ನಾನು ರಿಪೇರಿಯವನೇ ಅಲ್ಲ.

ನಾಲ್ಕನೇ ಸಲ, ಐದನೇ ಸಲ. ಕಲೆ ಹೋಯಿತು, ಬಂತು.

ಇಂದು ಕಾರಣ ಸಿಕ್ಕಿತು. ಹಿಂಬದಿ ಬಿಚ್ಚಿ, ಟೋಪಿ ತೆಗೆದು, ಎಡಗೈಯನ್ನು ಜೇಬಿಗೆ ಹಾಕಿಕೊಂಡು ನೋಡಿದೆ. ಇಪ್ಪತ್ತೈದು ಸಾವಿರ ವೋಲ್ಟ್ ಇರುವ ಕಡೆ ಒಂದು ಕೈ ಯಾವಾಗಲೂ ಜೇಬಿನಲ್ಲಿರಬೇಕು, ವಿದ್ಯುತ್ತು ಒಂದು ಕೈಯಿಂದ ಹೊಕ್ಕು ಎದೆಯ ಮೂಲಕ ಇನ್ನೊಂದರಿಂದ ಹೊರಡಬಾರದು. ಮರದ ಪೆಟ್ಟಿಗೆಯ ಒಳಗೋಡೆಗೆ, ಪಿಕ್ಚರ್ ಟ್ಯೂಬಿನ ಹೊಟ್ಟೆ ಅಗಲವಾಗುವ ಜಾಗಕ್ಕೆ ಸರಿಯಾಗಿ, ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಸುತ್ತಿ ಕಟ್ಟಿದ ಒಂದು ಕಲ್ಲು. ನಿನ್ನ ಅಮ್ಮನ ಸೂಜಿಗಲ್ಲು. ಎಲ್ ಕೋಬ್ರೆಯ ದೇವಮಾತೆಯ ಮೂರ್ತಿಯ ಪಕ್ಕದ ಬಟ್ಟಲಿನಲ್ಲಿ ಇರುತ್ತಿತ್ತಲ್ಲ, ಶುಕ್ರವಾರ ಶುಕ್ರವಾರ ಅವರು ಕಬ್ಬಿಣದ ಪುಡಿ ತಿನ್ನಿಸಿ ವೈನ್ ಕುಡಿಸುತ್ತಿದ್ದರಲ್ಲ, ಅದೇ. ಬೇಕಾದ್ದನ್ನು ಎಳೆದು ತರುವ ಕಲ್ಲು. ಅದರ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ.

ಕಲ್ಲಿನ ಅಡಿಯ ಚೀಟಿಯಲ್ಲಿ ಏನಿರುತ್ತದೆ ಎಂದು ಈ ಊರಿನ ಕೋಳಿಗಳಿಗೂ ಗೊತ್ತು. ಯಾರನ್ನು ಎಳೆದು ತರಬೇಕೋ ಅವರ ಹೆಸರು. ನಾನು ಬಿಚ್ಚಲಿಲ್ಲ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಅದರಲ್ಲಿ ನನ್ನ ಹೆಸರು ಇದ್ದರೆ ಎಂಬ ಆಸೆ ಒಂದು, ಇಲ್ಲದಿದ್ದರೆ ಎಂಬ ಭಯ ಒಂದು. ಎರಡೂ ಸಮ ತೂಗಿದವು, ಕೈ ಏಳಲಿಲ್ಲ. ಹೆಂಡತಿಯ ಹರಕೆಯನ್ನು ಓದುವ ಗಂಡನಾಗುವುದು ಬೇಡ ಎಂದುಕೊಂಡೆ. ಗಂಡ ಎಂಬ ಪದವಿಯೇ ಈಗ ಅನುಮಾನದಲ್ಲಿದೆ ಎಂಬುದು ಬೇರೆ ಮಾತು.

ಆದರೆ ಆ ಕಲ್ಲನ್ನು ಅಂಗೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತೆ, ಮಿಗ್ದಾಲಿಯಾ. ನಾನು ದೇವರು ದಿಂಡರು ನಂಬುವವನಲ್ಲ, ನಿನ್ನ ಅಮ್ಮ ಇದಕ್ಕೆ ವೈನ್ ಕುಡಿಸುವಾಗ ನನಗೂ ಒಂದು ಲೋಟ ಎಂದು ಹಾಸ್ಯ ಮಾಡಿದವನು. ಇದಕ್ಕೆ ತಂತಿಯಿಲ್ಲ, ಪ್ಲಗ್ಗಿಲ್ಲ, ಮಾಡಿದವರಿಲ್ಲ. ಮಣ್ಣಿನೊಳಗೆ ಯಾವ ಕಾಲದಿಂದಲೋ ಕಪ್ಪಗೆ ಸುಮ್ಮನೆ ಕೂತಿದ್ದ ಒಂದು ಕಲ್ಲು, ಸಮುದ್ರದಾಚೆ ಯಾರೋ ಲೆಕ್ಕ ಹಾಕಿ ಕಟ್ಟಿದ ಗಾಜಿನೊಳಗೆ ಓಡುವ ಬೆಳಕಿಗೆ "ಈ ಕಡೆ ಬಾ" ಎನ್ನುತ್ತದೆ, ಅದು ಬರುತ್ತದೆ. ಮುಟ್ಟುವುದಿಲ್ಲ, ಸದ್ದಿಲ್ಲ, ನಡುವೆ ಮರವಿದ್ದರೂ ರಬ್ಬರಿದ್ದರೂ ಲೆಕ್ಕಕ್ಕಿಲ್ಲ. ನನ್ನ ಮೈ ಜುಮ್ಮೆಂದಿತು. ವೋಲ್ಟ್ ಇಲ್ಲದೆ ನನ್ನ ಮೈ ಜುಮ್ಮೆಂದದ್ದು ಇದೇ ಮೊದಲು.

ಎರಡು ವಿಷಯ ಮಾತ್ರ ನನಗೆ ಅರ್ಥವಾಗಲಿಲ್ಲ. ಕಲ್ಲು ತೊಳೆದ ಹಾಗೆ ಶುಭ್ರವಾಗಿತ್ತು. ಒಂದು ಚೂರು ಕಬ್ಬಿಣದ ಪುಡಿಯಿಲ್ಲ, ಪಾಪ, ಉಪವಾಸ. ಮತ್ತೆ ಒಂದು ತಂತಿಗೂ ತಾಗದ ಹಾಗೆ, ಕಲೆ ಅತಿ ಹೆಚ್ಚು ಬೀಳುವ ಜಾಗದಲ್ಲೇ ಕಟ್ಟಿತ್ತು. ಅದು ದೈವಪ್ರೇರಣೆ ಎಂದುಕೊಂಡೆ. ಆದರೆ ನೀನು ಅಲ್ಲಿ ಕೈ ಹಾಕಿದ್ದೆ ಎಂದು ನೆನೆದು ಈಗಲೂ ಎದ್ದು ಹೋಗಿ ಪ್ಲಗ್ ಕಿತ್ತಿದೆಯೇ ಎಂದು ನೋಡಿ ಬಂದೆ. ಆ ಟ್ಯೂಬು ಆರಿಸಿದ ಮೇಲೂ ಎಷ್ಟೋ ಹೊತ್ತು ಸಿಟ್ಟು ಇಟ್ಟುಕೊಂಡಿರುತ್ತದೆ, ನಿನ್ನ ಹಾಗೆ. ಇನ್ನೆಂದೂ ಹಾಕಬೇಡ. ಓಲ್ಗೀನ್‌ನಲ್ಲೂ ಹಾಕಬೇಡ.

ಈಗ ಆ ಗೆರೆಯ ವಿಷಯ.

ಕಳೆದ ಚಳಿಗಾಲದಲ್ಲಿ ಇದೇ ಟೀವಿ, ಟೀವಿ ಯಾರಿಗೆ ಸಲ್ಲಬೇಕೆಂದು ನಿನ್ನ ಪಾದರಕ್ಷೆ ಕಾರ್ಖಾನೆಯ ಸಭೆ ಮತ ಹಾಕಿದಾಗ ನಾಲ್ಕು ಕೈ ಹೆಚ್ಚು ಎತ್ತಿಸಿಕೊಂಡು ನೀನು ಗೆದ್ದು ತಂದ ಟೀವಿ, ಹನ್ನೊಂದು ವಾರ ಒಂದೇ ಬಿಳಿ ಗೆರೆಯಾಗಿ ನಿಂತಿತ್ತು. ನಾನು ಊರಿನ ಮಾಡುಗಳ ಮೇಲೆಲ್ಲ ಇದ್ದೆ. ನಿನ್ನ ಅಮ್ಮ ದೋನ್ಯಾ ಬಾಲ್ಬಿನಾ ಪ್ರತಿ ಸಂಜೆ ತೂಗುಕುರ್ಚಿಯಲ್ಲಿ ಕೂತು ಆ ಗೆರೆಯನ್ನೇ ನೋಡುತ್ತ ಬ್ರೆಜಿಲ್ ಧಾರಾವಾಹಿಯನ್ನು ಕೇಳುತ್ತಿದ್ದರು. ನಾನು ಬಂದ ತಕ್ಷಣ, "ಬನ್ನಿ ಅಳಿಯ ದೇವರೇ. ಇವತ್ತು ಗೆರೆ ನಡುಗ್ತಾ ಇದೆ, ಹುಡುಗಿ ಅಳ್ತಿದ್ದಾಳೆ ಅನ್ಸುತ್ತೆ" ಎನ್ನುತ್ತಿದ್ದರು. ಒಂದು ದಿನ, "ಆ ಜಮೀನುದಾರ ಒಳಗೆ ಬಂದ, ಗೆರೆ ದಪ್ಪಗಾಯ್ತು" ಎಂದರು. ನಾವು ನಕ್ಕೆವು. ಈಗ ಯೋಚಿಸಿದರೆ ನಗು ಬರುವುದಿಲ್ಲ. ಚಿತ್ರವನ್ನು ಕೂಡಿಸುವುದು ನೋಡುವವರ ಕಣ್ಣು ಎಂದು ಮೇಲೆ ಬರೆದೆನಲ್ಲ, ಆ ಮುದುಕಿ ಒಂದೇ ಗೆರೆಯಿಂದ ಒಂದು ಊರನ್ನೇ ಕಟ್ಟಿಕೊಂಡಿದ್ದಳು. ಅಂಥ ಕಣ್ಣು ನಾನು ಬೇರೆ ಎಲ್ಲೂ ಕಂಡಿಲ್ಲ.

ಕೊನೆಯ ಕಂತಿನ ದಿನ ಸಂಜೆಯೊಳಗೆ ಸರಿಮಾಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬೇಕಾದ ಬಿಡಿಭಾಗ, ಒಂದು ಕಾಳಿನಷ್ಟು ಚಿಕ್ಕದು, ಸಿಕ್ಕಿಯೂ ಇತ್ತು. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಬರುತ್ತಿದ್ದೆ. ಬೀದಿಯ ತುದಿಯ ಮನೆಯಲ್ಲಿ ಅದೇ ಕಂತಿಗೆ ಸೇರಿದ್ದ ನಲವತ್ತು ಜನ ಟೀವಿ ಕೆಟ್ಟು ಗೋಳಾಡುತ್ತಿದ್ದರು. ಅವರದ್ದಕ್ಕೂ ಅದೇ ಭಾಗ ಬೇಕಿತ್ತು. ಹಾಕಿದೆ. ನಲವತ್ತು ಜನ ಚಪ್ಪಾಳೆ ತಟ್ಟಿದರು, ಯಾರೋ ಹುರಿದ ಲಿಸೇತಾ ಮೀನು ಕೊಟ್ಟರು, ಕೂತು ತಿಂದೆ. ಅಲ್ಲಿ ನಲವತ್ತು ಜನ, ನನ್ನ ಮನೆಯಲ್ಲಿ ಒಬ್ಬಳು ಮುದುಕಿ ಎಂದು ಲೆಕ್ಕ ಹಾಕಿದೆ. ಒಂಬತ್ತು ದಿನಕ್ಕೆ ನಿನ್ನ ಅಮ್ಮ ತೀರಿಹೋದರು. ಹತ್ತನೇ ದಿನ ನಾನು ಇನ್ನೊಂದು ಭಾಗ ಹುಡುಕಿ ತಂದು ಹಾಕಿದೆ, ಚಿತ್ರ ತುಂಬಿ ಬಂತು. ಖಾಲಿ ತೂಗುಕುರ್ಚಿಯ ಮುಂದೆ. ನೀನು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಉಳಿಯುತ್ತಿದ್ದೆ ಎನಿಸುತ್ತದೆ.

ಆದ್ದರಿಂದ ಇಂದು ಸರಿಮಾಡಿಬಿಟ್ಟೆ. ಈ ಮನೆಗೆ ನಾನು ಒಂದು ಪೂರ್ತಿ ಚಿತ್ರ ಕೊಡುವುದು ಬಾಕಿ ಇತ್ತು. ಕಲ್ಲನ್ನು ತೆಗೆದು ಮಾತೆಯ ಪಕ್ಕದ ಬಟ್ಟಲಿನಲ್ಲಿ ಇಟ್ಟಿದ್ದೇನೆ, ಚೀಟಿ ಅದರ ಅಡಿಯಲ್ಲೇ ಇದೆ, ಮಡಿಕೆ ಕೆಟ್ಟಿಲ್ಲ. ಬಳೆ ಸುತ್ತಿಸಿದೆ. ನೋಡುವವರು ಯಾರೂ ಇಲ್ಲದಿದ್ದರೂ ಹೊಸ್ತಿಲವರೆಗೆ ಹಿಂದೆ ಹಿಂದೆ ನಡೆದೆ. ಕಾಮನಬಿಲ್ಲು ಸಣ್ಣಗಾಗುತ್ತ, ಸಣ್ಣಗಾಗುತ್ತ ಮೂಲೆಗೆ ಸರಿದು ಆರಿತು. ಆಮೇಲೆ ಪರದೆಯ ಮೇಲೆ ಒಬ್ಬ ಮುದುಕಿ ಬಂದಳು. ಯಾವುದೋ ಬೆಟ್ಟದ ಊರಿನವಳು, ಕಾಫಿ ಬೀಜ ಆರಿಸುತ್ತ ಏನೋ ಹೇಳುತ್ತಿದ್ದಳು. ಕೆನ್ನೆಯ ಸುಕ್ಕು ಸುಕ್ಕಿಗೂ ಅದರದೇ ಬಣ್ಣ. ಬೆರಳ ತುದಿಯಲ್ಲಿ ಬೀಜದ ಕೆಂಪು. ತೂಗುಕುರ್ಚಿಯಲ್ಲಿ ಕೂತು ಪೂರ್ತಿ ನೋಡಿದೆ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಸ್ವಚ್ಛವಾದ ಚಿತ್ರ ನನ್ನ ಕೈಯಿಂದ ಬಂದಿರಲಿಲ್ಲ. ಓನೆಲಿಯೋಗೆ ಹೇಳು, ವಾರ್ತೆ ಓದುವವನ ಕೆನ್ನೆ ಇನ್ನು ಹಸಿರಾಗುವುದಿಲ್ಲ. ಅಕಸ್ಮಾತ್ ಆದರೆ ಬಳೆಯನ್ನೂ ಅದರ ಉದ್ದನೆಯ ತಂತಿಯನ್ನೂ ಟೀವಿಯ ಕೆಳಗೆ ಬಿಟ್ಟಿದ್ದೇನೆ, ಹಿಂದೆ ಹಿಂದೆ ನಡೆಯಬೇಕು ಎಂಬುದನ್ನು ಮಾತ್ರ ಕಲಿಸಿಕೊಡು.

ಹೊಸ ಮನೆ ಮೂರನೇ ಮಹಡಿ, ಅಲ್ಲಿ ಆಂಟೆನಾ ಚೆನ್ನಾಗಿ ಹಿಡಿಯುತ್ತದೆ.

ಇಂತು, ಮನ್ಸಾನಿಯೋ ಪಟ್ಟಣದ ಸಮಸ್ತ ಟೀವಿಗಳ ವೈದ್ಯನೂ ಒಂದೇ ಒಂದು ಮನೆಯ ಅಪರಾಧಿಯೂ ಆದ,
ಎರಾಸ್ಮೋ

ಮರೆತದ್ದು: ವರದಿಯಲ್ಲಿ ಒಂದು ಸುಳ್ಳಿದೆ. ಕಲ್ಲು ಇಂದು ಸಿಕ್ಕಿದ್ದಲ್ಲ. ಜೂನ್ ಎಂಟರಂದೇ, ಹಿಂಬದಿ ಬಿಚ್ಚಿದ ಅರೆಗಳಿಗೆಯಲ್ಲೇ ಸಿಕ್ಕಿತ್ತು. ಐದು ಸಲವೂ ಅದನ್ನು ಬಿಚ್ಚಿ ತೆಗೆದು, ಎಲ್ಲರಿಗೂ ಸ್ವಚ್ಛ ಚಿತ್ರ ತೋರಿಸಿ, ಹಿಂಬದಿ ಮುಚ್ಚುವಾಗ ಮತ್ತೆ ಅಲ್ಲೇ ಕಟ್ಟಿ ಬರುತ್ತಿದ್ದೆ. ಟೀವಿಗೆ ತಣಿಯುವ ಅಗತ್ಯ ಏನೂ ಇರುವುದಿಲ್ಲ. ಜೂನ್‌ನಲ್ಲಿ ಓನೆಲಿಯೋ ಎಂಬ ಮನುಷ್ಯ ನಮ್ಮ ಕಥೆಯಲ್ಲಿ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಚೀಟಿಯಲ್ಲಿರುವುದು ಅವನ ಹೆಸರಲ್ಲ. ಮತ್ತೆ ಯಾರದು ಎಂದು ಎರಡು ತಿಂಗಳಿಂದ ನಿದ್ದೆಗೆಟ್ಟಿದ್ದೇನೆ. ಆದರೂ ಬಿಚ್ಚಿಲ್ಲ.

*

ಮನ್ಸಾನಿಯೋ
ಶನಿವಾರ, ಆಗಸ್ಟ್ ೧೪

ಐದು ಸಲ ನನ್ನ ಬಾಗಿಲಿನವರೆಗೆ ಹಿಂದೆ ಹಿಂದೆ ನಡೆದ ಪೆದ್ದನಿಗೆ,

ಇದು ನಿನ್ನ ಕೈಯಲ್ಲಿದೆ ಎಂದರೆ ಕಾಚಿತಾ ಕಾರ್ಯಾಗಾರಕ್ಕೆ ಬಂದು "ಮತ್ತೆ ಕಾಮಾಲೆ" ಎಂದು ಕೂಗಿದ್ದಾಳೆ, ನೀನು ಹಿಂಬದಿ ಬಿಚ್ಚಿದ್ದೀಯ, ಟೋಪಿಯನ್ನೂ ತೆಗೆದಿದ್ದೀಯ. ಟೋಪಿ ಸೆಖೆಗಲ್ಲ ಎಂದು ನನಗೆ ಮೊದಲಿಂದಲೂ ಗೊತ್ತು.

ಓನೆಲಿಯೋ ಬೆಳಿಗ್ಗೆ ಬಂದಿದ್ದ. ವಾರ್ತೆ ಓದುವವನ ಎರಡು ಕೆನ್ನೆಗಳೂ ಹಸಿರಾಗಿದ್ದವು, ಹಣೆ ನೇರಳೆ. ಬಟ್ಟಲಿನಿಂದ ಕಲ್ಲನ್ನು ತೆಗೆದು ಈ ಸಲ ನಾನೇ ಸ್ವಲ್ಪ ಮೇಲಕ್ಕೆ ಕಟ್ಟಿದ್ದೆ. "ಇದು ಟೀವಿ ಅಲ್ಲಮ್ಮ, ಗಿಣಿ" ಎಂದು ಹೇಳಿ ಕಾಫಿಯನ್ನೂ ಕುಡಿಯದೆ ಹೋದ. ಅಕ್ಕ ಎರಡು ದಿನ ಮಾತಾಡುವುದಿಲ್ಲ, ಮೂರನೇ ದಿನ ತಾನೇ ಬರುತ್ತಾಳೆ.

ನನಗೆ "ಇದೆಲ್ಲ ತಿಳಿದಿರಲಾರದು" ಎಂದು ಬರೆದಿದ್ದೀಯ. ಮದುವೆಗೆ ಮುಂಚೆ ನನ್ನನ್ನು ಕಾರ್ಯಾಗಾರಕ್ಕೆ ಕರೆದು, ಲೌಡ್‌ಸ್ಪೀಕರಿನ ಅಯಸ್ಕಾಂತ ಹಿಡಿದು ಟೀವಿಯಲ್ಲಿ ಭಾಷಣ ಮಾಡುವವನ ಮೂಗನ್ನು ಕಿವಿಯವರೆಗೆ ಎಳೆದು ತೋರಿಸಿದವನು ಯಾರು? ಆ ಮೂಗು ನೋಡಿಯೇ ನಾನು ಒಪ್ಪಿದ್ದು. ಬಣ್ಣದ ಟೀವಿಯ ಹತ್ತಿರ ಇದನ್ನು ತಂದರೆ ಕೈ ಮುರಿಯುತ್ತೇನೆ ಎಂದು ಹತ್ತೊಂಬತ್ತು ವರ್ಷ ಹೇಳಿದವನು ಯಾರು? ಅಮ್ಮನ ಕಲ್ಲನ್ನು ತೊಳೆದು ಪುಡಿ ತೆಗೆದದ್ದು ಅದು ಉದುರಿ ಒಳಗೆ ಏನಾದರೂ ಸುಟ್ಟೀತು ಎಂದು. ರಬ್ಬರು ಸುತ್ತಿದ್ದು ನಾನು. ಜಾಗ ಹುಡುಕಲು ಮೂರು ಮಧ್ಯಾಹ್ನ ಹಿಡಿಯಿತು. ಪ್ಲಗ್ ಕಿತ್ತು, ಅರ್ಧ ಗಂಟೆ ಕಾದು, ಮರದ ಹಿಡಿಯ ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ ಅದರ ಸಿಟ್ಟನ್ನು ಇಳಿಸಿ, ಎಡಗೈ ಲಂಗದ ಜೇಬಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡಿದೆ. ಇದು ದೈವಪ್ರೇರಣೆಯಂತೆ!

ಕಲ್ಲನ್ನು ಮತ್ತೆ ಮತ್ತೆ ಕಟ್ಟಿದವನು ನೀನೇ ಎಂದು ಎರಡನೇ ದಿನವೇ ತಿಳಿಯಿತು. ನಾನು ಹಾಕಿದ್ದು ನಮ್ಮ ಕಾರ್ಖಾನೆಯ ಗಂಟು, ಬೂಟಿನ ಹೊಲಿಗೆಯದು. ಮರುದಿನ ನೋಡಿದರೆ ನಿನ್ನ ಗಂಟು. ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕೆ. ಆಮೇಲೆ ನಗು ನಿಂತಿತು. ಕಲ್ಲು ಕಂಡವನು ಚೀಟಿಯನ್ನೂ ಓದಿರುತ್ತಾನೆ, ಓದಿಯೂ ಬರೀ ಬಳೆ ಸುತ್ತಿಸಿ ಹೋಗುತ್ತಿದ್ದಾನೆ ಎಂದುಕೊಂಡೆ. ಮೂರು ಸಲ ಕಾದೆ. ಆಮೇಲೆಯೇ ಅಕ್ಕನಿಗೆ ಹೂಂ ಎಂದದ್ದು. ನೀನು ಇಷ್ಟು ಮರ್ಯಾದಸ್ಥ ಎಂದು ನನಗೆ ಯಾರೂ ಹೇಳಿರಲಿಲ್ಲ.

ಚೀಟಿಯಲ್ಲಿ ಯಾರ ಹೆಸರೂ ಇಲ್ಲ. ಅದು ಪತ್ರ, ನಿನಗೆ ಬರೆದದ್ದು. ಈ ಊರಿನಲ್ಲಿ ಟೀವಿಯ ಬೆನ್ನು ಬಿಚ್ಚುವವನು ನೀನೊಬ್ಬನೇ. ನಿನಗೆ ಪತ್ರ ಹಾಕಲು ಇದಕ್ಕಿಂತ ಒಳ್ಳೆಯ ಅಂಚೆಪೆಟ್ಟಿಗೆ ಎಲ್ಲಿದೆ? ಅದರಲ್ಲಿದ್ದದ್ದು ಅಮ್ಮನ ಮಾತು. ಹೋಗುವ ಹಿಂದಿನ ದಿನ ಹೇಳಿದ್ದರು: "ಅಳಿಯನಿಗೆ ಹೇಳು, ಗೆರೆಯಲ್ಲೇ ನಂಗೆಲ್ಲಾ ಕಾಣಿಸ್ತು. ಪಾಪ, ಬಯ್ಯಬೇಡ." ಅದಕ್ಕೇ ನಾನು ಬಯ್ಯಲಿಲ್ಲ. ಆದರೆ ಆ ಮಾತನ್ನು ನಿನಗೆ ಹೇಳಲೂ ಇಲ್ಲ. ಸಿಟ್ಟಿನಲ್ಲಿ ಮೂರು ತಿಂಗಳು ಬಚ್ಚಿಟ್ಟುಕೊಂಡೆ. ಎದುರಿಗೆ ಹೇಳಲು ನಾಚಿಕೆಯಾಗಿ ಬರೆದೆ. ನಿನ್ನದೊಂದು ಸುಳ್ಳಿಗೆ ನನ್ನದು ಇದೊಂದು.

ನಿನ್ನ ಕಾಫಿ ಬೀಜದ ಮುದುಕಿಯನ್ನು ನಾನು ನೋಡಲಿಲ್ಲ. ಕಲ್ಲು ತೆಗೆದು ತೋರಿಸು. ಅಮ್ಮನ ಕುರ್ಚಿಯಲ್ಲಿ ಈ ಸಲ ನಾನು ಕೂರುತ್ತೇನೆ.

ಮಿಗ್ದಾಲಿಯಾ

ಕೊನೆಗೊಂದು: ಬಳೆ ಸುತ್ತಿಸುತ್ತ ದೂರ ಸರಿಯಲೇಬೇಕು ಎಂಬುದನ್ನು ಬಲ್ಲೆ. ಆದರೆ ಬೀದಿ ಬಾಗಿಲಿನ ಕಡೆಗೇ ಸರಿಯಬೇಕು ಎಂದು ಯಾವ ವಿದ್ಯೆಯಲ್ಲಿ ಬರೆದಿದೆ? ತಂತಿ ಎಳೆದು ಅಳೆದಿದ್ದೇನೆ. ಅಡುಗೆಮನೆಯವರೆಗೂ ಬರುತ್ತದೆ.